ಎರಡು, ನಾಲ್ಕು, ಆರು, ಎಂಟು

ಮೊಬೈಲು ಸಿಕ್ಕಿದ್ದು ಬಕೆಟ್ಟಿನ ತಳದಲ್ಲಿ. ಸಾಬೂನಿನ ನೀರು, ಅದರೊಳಗೆ ಗೋವಾದಿಂದ ಬಂದ ಮೂರು ಹೂವಿನ ಅಂಗಿ, ಅವುಗಳ ಕೆಳಗೆ ಮೊಬೈಲು!

ಬೆಳಗಿನ ಎಂಟು ಗಂಟೆ. ಹಳೇ ಹುಬ್ಬಳ್ಳಿಯ ಕಾಳಿನ ವ್ಯಾಪಾರಿ ನೀಲಕಂಠಪ್ಪನವರ ಹಿತ್ತಲು. ಬಕೆಟ್ಟಿಗೆ ಕೈ ಹಾಕಿದವಳು ಹುಲಿಗೆವ್ವ. ಹದಿನಾಲ್ಕು ವರ್ಷಗಳಿಂದ ಆ ಮನೆಯ ಪಾತ್ರೆ, ಬಟ್ಟೆ, ನೆಲ ಎಲ್ಲ ಅವಳ ಕೈಯಲ್ಲೇ ಸ್ವಚ್ಛವಾಗುತ್ತಿದ್ದವು. ಅಂಗಿ ಎತ್ತಲು ಹೋದವಳ ಬೆರಳಿಗೆ ಗಟ್ಟಿಯಾದದ್ದೇನೋ ತಾಗಿತು. ಎತ್ತಿ ನೋಡಿದರೆ ಸಾಹುಕಾರರ ಮಗನ ಮೊಬೈಲು.

ಬೇರೆಯವಳಾಗಿದ್ದರೆ ಅದನ್ನು ಮತ್ತೆ ನೀರಿಗೇ ಬಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ಏನೂ ಕಾಣದವಳಂತೆ ಇರುತ್ತಿದ್ದಳು. ಹುಲಿಗೆವ್ವನಿಗೆ ಅಷ್ಟು ಜಾಣತನ ಇರಲಿಲ್ಲ. "ಅವ್ವಾರ, ಇಲ್ನೋಡ್ರಿ!" ಎಂದು ಕೂಗಿದಳು. ಆ ಓಣಿಯಲ್ಲಿ ಪ್ರಾಮಾಣಿಕರಿಗೆ ಏನು ಬಹುಮಾನ ಸಿಗುತ್ತದೆ ಎಂಬುದು ಹತ್ತೇ ನಿಮಿಷದಲ್ಲಿ ಅವಳಿಗೆ ಗೊತ್ತಾಯಿತು.

ಹನ್ನೊಂದು ಗಂಟೆಗೆ ಆ ಮೊಬೈಲು ಓಣಿಯ ತುದಿಯ ಮದೀನಾಬಿಯ ರಿಪೇರಿ ಅಂಗಡಿಗೆ ಬಂತು.

ಅಂಗಡಿಯ ಹಲಗೆಯ ಮೇಲೆ ಇನ್ನೂ ಗಂಡ ಹಜರತಅಲಿಯ ಹೆಸರಿತ್ತು, ರೇಡಿಯೋದ ಚಿತ್ರವೂ ಇತ್ತು. ಅವನ ಕಣ್ಣು ಮಂಜಾದ ಮೇಲೆ ಬೆಸುಗೆಯ ಕಡ್ಡಿ ಹಿಡಿದವಳು ಮದೀನಾಬಿ. ಈ ಕತೆ ನಡೆದದ್ದು ಎರಡು ಸಾವಿರದ ನಾಲ್ಕನೇ ಇಸವಿಯಲ್ಲಿ. ರೇಡಿಯೋ ತರುವವರು ಇಲ್ಲವಾಗಿ ಮೊಬೈಲು ತರುವವರು ಹೆಚ್ಚಾಗಿದ್ದರು. ಮೊಬೈಲುಗಳ ಬಗ್ಗೆ ಅವಳಿಗೆ ಗೌರವವಿತ್ತು. ಅವನ್ನು ತರುವವರ ಬಗ್ಗೆ ಎಳ್ಳಷ್ಟೂ ಇರಲಿಲ್ಲ. ಒಬ್ಬ ನೀರಿಗೆ ಬಿದ್ದದ್ದನ್ನು ರೊಟ್ಟಿಯ ಹಂಚಿನ ಮೇಲಿಟ್ಟು ಸುಟ್ಟು ತಂದಿದ್ದ. ಇನ್ನೊಬ್ಬ ಅಕ್ಕಿಯ ಡಬ್ಬಿಯಲ್ಲಿ ಹೂತು, ಕಾಳೆಲ್ಲ ಒಳಗೆ ತುಂಬಿಸಿ, "ಅನ್ನ ಆಗೇತೇನು ನೋಡ್ರಿ" ಎಂದು ತಾನೇ ನಕ್ಕಿದ್ದ. ಓದಿದವರ ಹಣೆಬರಹವೇ ಇಷ್ಟು ಎಂದು ಮದೀನಾಬಿ ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದಳು.

ಈಗ ಎದುರಿಗೆ ನಿಂತವನು ನೀಲಕಂಠಪ್ಪನವರ ಮಗ ಶಿವಯೋಗೀಶ. ವಯಸ್ಸು ಇಪ್ಪತ್ತೆಂಟು. ಉದ್ಯೋಗ — ಉಣ್ಣುವುದು, ಮಲಗುವುದು, ಮೊಬೈಲಿನಲ್ಲಿ ಹಾವಿನ ಆಟ ಆಡುವುದು. ಅವನ ಹಿಂದೆ, ಮೆಟ್ಟಿಲ ಕೆಳಗೆ, ಅತ್ತು ಕಣ್ಣು ಊದಿಸಿಕೊಂಡ ಹುಲಿಗೆವ್ವ.

"ಹೇಳು ತಮ್ಮಾ. ನೀರಿನಾಗಿಂದ ತೆಗೆದ ಮ್ಯಾಲೆ ಏನ್ ಮಾಡಿದಿ?"

"ಆನ್ ಆಗ್ತೈತೇನು ಅಂತ ಗುಂಡಿ ಒತ್ತಿದೆರಿ."

"ಎಷ್ಟು ಸಲ?"

"ಒಂದ್ ನಲವತ್ತು ಸಲ."

"ಛಲೋ. ಆಮ್ಯಾಲೆ?"

"ಚಾರ್ಜಿಗೆ ಹಾಕಿದೆ."

ಮದೀನಾಬಿ ಒಂದು ಗಳಿಗೆ ಕಣ್ಣು ಮುಚ್ಚಿಕೊಂಡಳು. "ನೀರಿಗೆ ಬಿದ್ದದ್ದನ್ನ ಎತ್ತಿ ಕರೆಂಟ್ ಕೊಟ್ಟಿ. ಭಾಳ ಶಾಣ್ಯಾ ಅದಿ. ಮೊದಲ ಬ್ಯಾಟರಿ ತೆಗೀಬೇಕು, ಗುಂಡಿ ಮುಟ್ಟಬಾರದು. ಸಾಲ್ಯಾಗ ಇದನ್ನ ಕಲಿಸೂದಿಲ್ಲೇನು?"

"ನಮ್ಮಪ್ಪ ಅಂತೂ ಒಗದ ಬಿಡು ಅಂದ್ರು. ರಿಪೇರಿಗೆ ಒಯ್ಯಬ್ಯಾಡ, ಹೊಸಾದು ಕೊಡಸ್ತೇನಿ ಅಂದ್ರು."

ಮದೀನಾಬಿಯ ಕೈ ನಿಂತಿತು. "ಯಾರು? ನಿಮ್ಮಪ್ಪ?"

"ಹೌದ್ರಿ."

ನೀಲಕಂಠಪ್ಪ! ಹರಿದ ಗೋಣಿಚೀಲಕ್ಕೆ ಏಳು ಸಲ ತೇಪೆ ಹಾಕಿಸುವ ಮನುಷ್ಯ. ಮೊಬೈಲಿಗೆ 'ದರಿದ್ರ ಡಬ್ಬಿ' ಎಂದು ಹೆಸರಿಟ್ಟವರು. 'ಮೊಬೈಲು ಮತ್ತು ಯುವಕರ ಅಧಃಪತನ' ಎಂದು ಸಮುದಾಯ ಭವನದಲ್ಲಿ ಮುಕ್ಕಾಲು ತಾಸು ಭಾಷಣ ಬಿಗಿದವರು. ಅವರು ಹೊಸದು ಕೊಡಿಸುತ್ತಾರಂತೆ! ಮದೀನಾಬಿ ಬ್ಯಾಟರಿ ಕಿತ್ತಳು.

"ಮೊಬೈಲು ಎಲ್ಲಿತ್ತು? ಸರಿಯಾಗಿ ಹೇಳು."

"ಸಂಕ್ರಮಣದ ಭೋಗಿ ಹಿಂದಿನ ರಾತ್ರಿ ನಾ ಗೋವಾಕ್ಕ ಹೋದೆರಿ, ದೋಸ್ತರ ಕೂಡ. ಅಲ್ಲಿ ರೋಮಿಂಗ್ ಭಾಳ ಬೀಳ್ತೈತಲ್ಲ, ಅದಕ್ಕ ಬಂದ್ ಮಾಡಿ ಪಡಸಾಲಿ ಟೀವಿ ಮ್ಯಾಲೆ ಇಟ್ಟು ಹೋದೆ. ಇವತ್ತು ಏಳಕ್ಕ ಬಂದೆ. ಟೀವಿ ಮ್ಯಾಲೆ ಇಲ್ಲ! ಮನಿಯೆಲ್ಲ ಹುಡುಕಾಕತ್ತಿದ್ವಿ. ಎಂಟಕ್ಕ ಇವಳ ಬಕೆಟ್ಟಿನಾಗ ಸಿಕ್ತು."

"ಅಂಗಿ ಕಿಸೆದಾಗ ನೀನ ಇಟ್ಟಿರಬೇಕು."

"ಒಯ್ದಿದ್ದರ ತಾನ ಕಿಸೆದಾಗ ಇರೂದು? ಅವ್ವ ಹೇಳೋದು ಖರೇ ಐತ್ರಿ. ಇವಳು ಕದ್ದಿದ್ಳು. ನಾ ಬಂದ ಕೂಡ್ಲೆ ಹೆದರಿ ಬಕೆಟ್ಟಿಗೆ ಒಗದಾಳ."

"ತುಡುಗು ಮಾಡಿದಾಕಿ ತಾನ ಎತ್ತಿ ತೋರಸ್ತಾಳೇನೋ?" ಎಂದಳು ಮದೀನಾಬಿ.

ಶಿವಯೋಗೀಶ ತಲೆ ಕೆರೆದುಕೊಂಡ. ಅಷ್ಟು ದೂರ ಅವನು ಯೋಚಿಸಿರಲಿಲ್ಲ. ಆ ಮನೆಯಲ್ಲಿ ಯಾರೂ ಯೋಚಿಸಿರಲಿಲ್ಲ.

"ಅಕ್ಕಾ," ಹುಲಿಗೆವ್ವ ಮೆಟ್ಟಿಲ ಕೆಳಗಿನಿಂದಲೇ ಮಾತಾಡಿದಳು, "ಸಂಜಿ ಐದಕ್ಕ ಅವ್ವಾರ ಮನ್ಯಾಗ ಭಜನಿ ಐತಿ. ಓಣ್ಯಾಗಿನ ಹೆಣ್ಮಕ್ಕಳೆಲ್ಲ ಬರ್ತಾರ. ಅವರ ಮುಂದ ನನ್ನ ನಿಲ್ಲಿಸಿ, ಇವಳು ತುಡುಗಿ ಅಂತ ಹೇಳ್ತಾರಂತ. ನಾ ಕೆಲಸಾ ಮಾಡೂ ಉಳಿದ ನಾಕು ಮನ್ಯವ್ರೂ ಅಲ್ಲೇ ಕುಂತಿರ್ತಾರ. ನಾಳಿಂದ ಯಾರು ನನಗ ಬಾಗಲಾ ತಗೀತಾರ? ಆ ಡಬ್ಬ್ಯಾಗ ಖರೇ ಏನೈತಿ ಅಷ್ಟ ನೋಡಿ ಹೇಳ್ರಿ. ನಂದು ತಪ್ಪಿದ್ರ ತಪ್ಪಂತ ಹೇಳ್ರಿ."

ಮದೀನಾಬಿ ಸಣ್ಣ ತಿರುಪುಗಳನ್ನು ಒಂದೊಂದಾಗಿ ತೆಗೆದು ತಟ್ಟೆಗೆ ಹಾಕಿದಳು. ಮೇಲಿನ ಚಿಪ್ಪು ಬಿಚ್ಚಿತು. ಭೂತಗನ್ನಡಿ ಕಣ್ಣಿಗೆ ಬಂತು.

ಮೊದಲು ಕಂಡದ್ದು ಹಸಿರು. ಚಾರ್ಜರ್ ಚುಚ್ಚುವ ತೂತಿನ ಸುತ್ತ, ಬೋರ್ಡಿನ ಅಂಚಿನಲ್ಲಿ, ತಾಮ್ರದ ಕಿಲುಬು ದಪ್ಪಗೆ ಕೂತಿತ್ತು.

ಆಮೇಲೆ ಬಿಳಿ. ಮೂಲೆಮೂಲೆಯಲ್ಲಿ ಒಂದು ನುಣುಪಾದ ಬಿಳಿ ಹುಡಿ, ನೀರು ತಾಗಿ ಸುಣ್ಣದ ಹಾಗೆ ಗಟ್ಟಿಯಾಗಿತ್ತು. ಉಗುರಿನಿಂದ ಕೆರೆದು ಬೆರಳಲ್ಲಿ ತಿಕ್ಕಿ ನೋಡಿದಳು. ಬೂದಿ.

ಕೊನೆಗೆ ಕೆಂಪು. ಗುಂಡಿಗಳ ಕೆಳಗೆ ಬಿಳಿ ರಬ್ಬರಿನ ಹಾಳೆ ಇರುತ್ತದೆ. ಅದನ್ನು ಮೆಲ್ಲಗೆ ಎಬ್ಬಿಸಿದಳು. ನಾಲ್ಕು ಕಡೆ ಕೆಂಪು ಕಲೆ. ಕಲೆಗಳ ನಡುವೆ ಎಣ್ಣೆಯ ಜಿಡ್ಡು, ಜಿಡ್ಡಿನಲ್ಲಿ ಏನೋ ಸಣ್ಣ ತರಿ.

ಶಿವಯೋಗೀಶ ಬಗ್ಗಿ ನೋಡಿದ. "ಕುಂಕುಮ! ಹುಲಿಗೆವ್ವನ ಹಣಿ ನೋಡ್ರಿ. ಸಿಕ್ಕಿಬಿದ್ಳಲ್ಲ!"

"ಹಿಂದಕ್ಕ ಸರಿ. ಬೆಳಕಿಗಿ ಅಡ್ಡ ಆಗಾಕತ್ತಿ," ಎಂದಳು ಮದೀನಾಬಿ. ರಬ್ಬರಿನ ಹಾಳೆಯನ್ನು ತೊಳೆಯಲಿಲ್ಲ. ಕಾಗದದಲ್ಲಿ ಸುತ್ತಿ ಕುಪ್ಪಸದೊಳಗೆ ಇಟ್ಟುಕೊಂಡಳು. ಬೆಸುಗೆಯ ಕಡ್ಡಿ ಹಿಡಿದ ಕೈ ಸುಮ್ಮನೆ ಯಾವುದನ್ನೂ ಎತ್ತಿಡುವುದಿಲ್ಲ. ಆದರೆ ಅದನ್ನು ಗಮನಿಸುವಷ್ಟು ಬುದ್ಧಿ ಎದುರಿಗಿದ್ದವನಿಗೆ ಇರಲಿಲ್ಲ.

"ನೀ ಹೋಗು. ನಾಲ್ಕೂವರಿಗೆ ನಾನ ನಿಮ್ಮ ಮನಿಗೆ ತರ್ತೇನಿ. ಹುಲಿಗೆವ್ವಾ, ನೀ ನಿಂದರು. ಒಂದೆರಡು ಮಾತು ಕೇಳೂದೈತಿ."

ಅವನು ಹೋದ. ಮದೀನಾಬಿ ಬೋರ್ಡನ್ನು ಥಿನ್ನರಿನಲ್ಲಿ ಅದ್ದಿ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕತೊಡಗಿದಳು.

"ಆ ಮನ್ಯಾಗ ನೀ ಎಲ್ಲೆಲ್ಲಿ ಹೋಗ್ತಿ?"

"ಹಿತ್ತಲ, ಬಚ್ಚಲ, ಪಡಸಾಲಿ. ಕಸಾ ಹೊಡದು ನೆಲಾ ಒರಸ್ತೇನಿ."

"ಅಡಗಿ ಮನಿ?"

"ಇಲ್ಲವಾ! ಭಾಂಡೆನೂ ಹೊರಗ ತಂದು ಇಡ್ತಾರ. ತೊಳದ ಮ್ಯಾಲೆ ನೀರು ಚಿಮಕಿಸಿ ಅವರ ಒಳಗ ಒಯ್ತಾರ."

"ದೇವರ ಮನಿ?"

ಹುಲಿಗೆವ್ವ ಎರಡೂ ಗಲ್ಲ ತಟ್ಟಿಕೊಂಡಳು. "ಹದಿನಾಕು ವರ್ಷದಾಗ ಅದರ ಹೊಸ್ತಿಲಾ ನೋಡಿಲ್ಲ, ಅಕ್ಕಾ. ಒಮ್ಮೆ ಆ ಖೋಲಿ ಗ್ವಾಡಿಗೆ ಕಸಬರಗಿ ತಾಗ್ತಂತ ಪಡಸಾಲಿನ ಎರಡು ಸಲ ಒರಸಿಸಿದ್ರು."

ಮದೀನಾಬಿಗೆ ನಗು ಬಂತು. ಸಂತೋಷದ ನಗುವಲ್ಲ. ಆ ಪಡಸಾಲೆಯ ಗೋಡೆಯ ಮೇಲೆ 'ಕಾಯಕವೇ ಕೈಲಾಸ' ಎಂದು ಚೌಕಟ್ಟು ಹಾಕಿಸಿ ನೇತುಹಾಕಿದ್ದನ್ನು ಅವಳು ಕಣ್ಣಾರೆ ನೋಡಿದ್ದಳು. ಆ ಚೌಕಟ್ಟಿನ ಧೂಳು ಒರೆಸುವವಳೂ ಹುಲಿಗೆವ್ವನೇ.

"ಭೋಗಿ ದಿನ ಎಳ್ಳು ಅರದಾಕಿ ಯಾರು?"

"ನಾನ. ಹಿತ್ತಲ ಕಲ್ಲಿನ ಮ್ಯಾಲೆ. ಎಳ್ಳು, ಅರಿಶಿಣಾ ಕೂಡ್ಸಿ ಅರದು ಬಟ್ಟಲಕ್ಕ ಹಾಕಿ ಕೊಟ್ಟೆ. ಮೈಗೆ ಹಚ್ಚಿಕೊಂಡು ಎರಕೊಂಡ್ರು."

"ಸರಿ. ಹೋಗಿ ಉಣ್ಣು. ಸಂಜಿಗೆ ಅಳಬ್ಯಾಡ. ನಿಂತು ಕೇಳು."

ಬೋರ್ಡು ಅರವತ್ತು ಕ್ಯಾಂಡಲಿನ ಬಲ್ಬಿನ ಕೆಳಗೆ ಎರಡು ತಾಸು ಒಣಗಿತು. ಮದೀನಾಬಿ ಬೇರೆ ಬ್ಯಾಟರಿ, ಬೇರೆ ರಬ್ಬರಿನ ಹಾಳೆ ಹಾಕಿ ಗುಂಡಿ ಒತ್ತಿದಳು. ಏನಿಲ್ಲ. ಮತ್ತೆ ಬಿಚ್ಚಿ, ಬೋರ್ಡಿನ ಬಿಡಿಭಾಗವೊಂದರ ಕಾಲಿಗೆ ಬೆಸುಗೆ ಮುಟ್ಟಿಸಿ, ಇನ್ನೊಮ್ಮೆ ಒತ್ತಿದಳು. ಪರದೆಯ ಮೇಲೆ ಹಸಿರು ಬೆಳಕು ಮೂಡಿತು. ಸತ್ತದ್ದು ಎದ್ದು ಕೂತಿತು! ಅವಳು ಆಟದ ಪಟ್ಟಿ ತೆರೆದು, ಒಂದು ಅಂಕಿ ನೋಡಿ, ಮುಚ್ಚಿದಳು. ಗಂಡನನ್ನು ಅಂಗಡಿಯಲ್ಲಿ ಕೂರಿಸಿ, ಎದುರಿನ ಗಾಡಿಯಲ್ಲಿ ಒಂದು ಲಿಂಬೆಹಣ್ಣು ಕೊಂಡು, ನೀಲಕಂಠಪ್ಪನವರ ಮನೆಯ ಕಡೆ ನಡೆದಳು.

ಪಡಸಾಲೆಯಲ್ಲಿ ಜಮಖಾನೆ ಹಾಸಿ ಆಗಿತ್ತು. ತಾಳ, ಹಾರ್ಮೋನಿಯಂ ಬಂದಿದ್ದವು. ಗೋಡೆಗೆ ಒರಗಿ ಕುರ್ಚಿಯಲ್ಲಿ ನೀಲಕಂಠಪ್ಪ, ಹಣೆಯ ಮೇಲೆ ಮೂರು ಬೆರಳಿನ ವಿಭೂತಿ, ಮುಖದಲ್ಲಿ ಊರಿಗೇ ಬುದ್ಧಿ ಹೇಳುವ ಗಾಂಭೀರ್ಯ. ಹೆಂಡತಿ ಗೌರಕ್ಕ ತಟ್ಟೆಯಲ್ಲಿ ಸಂಕ್ರಮಣದ ಸಕ್ಕರೆ ಲೇಪದ ಕುಸುರೆಳ್ಳು ಜೋಡಿಸುತ್ತಿದ್ದಳು. ಶಿವಯೋಗೀಶ ಟೀವಿಯ ಮುಂದೆ ಬಿದ್ದುಕೊಂಡಿದ್ದ. ಹಿತ್ತಲ ಬಾಗಿಲಲ್ಲಿ ಹುಲಿಗೆವ್ವ.

"ಬಾ ಮದೀನಾಬಿ," ಎಂದಳು ಗೌರಕ್ಕ. "ಏನಂತೈತಿ ಡಬ್ಬಿ? ಇವಳ ಕೈಚಳಕ ಹೊರಗ ಬಂತಿಲ್ಲೋ?"

"ಬಂತ್ರಿ. ಮೊದಲ ನಾಕು ಮಾತು ಕೇಳ್ತೇನಿ, ಹೇಳ್ರಿ. ಮನ್ಯಾಗ ಮತ್ತೇನರ ಕಳದೈತೇನು?"

"ಕಳೀದ ಇರ್ತೈತೇನು? ಬೆಳಿಗ್ಗೆ ನೋಡತೇನಿ, ದೇವರ ಮನ್ಯಾಗಿನ ವಿಭೂತಿ ಗಟ್ಟಿ ನಾಕೂ ಇಲ್ಲ! ಅವನ್ನೂ ಇವಳ ಒಯ್ದಾಳ."

"ಹುಲಿಗೆವ್ವ ದೇವರ ಮನಿಗೆ ಹೋಗ್ತಾಳೇನು?"

"ಏ, ಹುಚ್ಚೇನು ನಿನಗ? ಆಕೀನ್ನ ಅಲ್ಲಿ ಯಾರು ಬಿಡ್ತಾರ! ಹದಿನಾಕು ವರ್ಷಾತು, ಆ ಬಾಗಲದ ಹಂತ್ಯಾಕೂ ಬಂದಿಲ್ಲ."

"ಮತ್ತ ವಿಭೂತಿ ಹ್ಯಾಂಗ ಒಯ್ದಳು?"

ಗೌರಕ್ಕ ಕುಸುರೆಳ್ಳಿನ ತಟ್ಟೆಯನ್ನು ಸುಮ್ಮನೆ ಅತ್ತಿತ್ತ ಸರಿಸಿದಳು.

"ಇರ್ಲಿ. ಭೋಗಿ ದಿನ ಎಳ್ಳು ಹಚ್ಚಿಕೊಂಡು ಎರಕೊಂಡೋರು ಯಾರ್ಯಾರು?"

"ನಾನು, ಇವರು. ಶಿವ್ಯಾ ಗೋವಾಕ್ಕ ಹೋಗಿದ್ನಲ್ಲ. ನಂದೇನು, ಐದು ನಿಮಿಷದ ಸ್ನಾನ. ಒಲಿ ಮ್ಯಾಲೆ ಪಲ್ಯೆ ಇತ್ತು. ಇವರು ಮಾತ್ರ ಒಂದು ತಾಸು ಬಚ್ಚಲದಾಗ ಕುಂತ್ರು. ಎಳ್ಳು ಮೈಯಾಗ ಇಳೀಬೇಕಂತ, ಅಲ್ಲೀತನಾ ಜಪಾ ಮಾಡ್ತಾರಂತ."

"ಜಪಾ ಜೋರಾಗಿ ಮಾಡಾಕತ್ತಿದ್ರೇನು?"

"ಇಲ್ಲಪ್ಪ. ಒಮ್ಮೆ ಮಾತ್ರ 'ಹೋ!' ಅಂತ ಒದರಿದ್ರು. ಯಾಕ್ರೀ ಅಂದೆ. ಹಂಡೇದಾಗಿನ ನೀರು ಬಿಸಿ ಅಂದ್ರು."

ನೀಲಕಂಠಪ್ಪ ಕೆಮ್ಮಿದರು. "ಏನಿದು ಹೆಂಗಸರ ಹರಟಿ? ಹೊತ್ತಾತು, ಜನ ಬರ್ತಾರ. ಮದೀನಾಬಿ, ನಿನ್ನ ರಿಪೇರಿ ಎಷ್ಟಾತು ತಗೊಂಡು ಹೋಗು."

"ಹೊಕ್ಕೇನಿ, ಸಾಹುಕಾರ್ರ. ಲಗೂನ ಹೊಕ್ಕೇನಿ."

ಅವಳು ಕುಪ್ಪಸದಿಂದ ಕಾಗದದ ಪೊಟ್ಟಣ ತೆಗೆದು ಬಿಚ್ಚಿದಳು. ರಬ್ಬರಿನ ಹಾಳೆಯನ್ನು ಟೀವಿಯ ಪಕ್ಕದ ಸ್ಟೂಲಿನ ಮೇಲೆ ಹರಡಿದಳು. ನಾಲ್ಕು ಕೆಂಪು ಕಲೆ ಎಲ್ಲರಿಗೂ ಕಂಡವು.

"ಕುಂಕುಮ!" ಎಂದಳು ಗೌರಕ್ಕ.

"ಹುಲಿಗೆವ್ವಾ, ನೀ ಹೇಳು. ಅರಿಶಿಣದ ಕಲಿಗೆ ಸಾಬಾಣ ಹತ್ತಿದ್ರ ಏನಾಗ್ತೈತಿ?"

"ಕೆಂಪಾಗ್ತೈತಿ," ಎಂದಳು ಹುಲಿಗೆವ್ವ ತಟ್ಟನೆ. ಬಟ್ಟೆ ಒಗೆಯುವವರಿಗೆ ಗೊತ್ತಿರುವುದು ಒಗೆಸಿಕೊಳ್ಳುವವರಿಗೆ ಗೊತ್ತಿರುವುದಿಲ್ಲ. "ಹುಳಿ ಹಿಂಡಿದ್ರ ಮತ್ತ ಹಳದಿ ಆಗ್ತೈತಿ."

ಮದೀನಾಬಿ ಲಿಂಬೆಹಣ್ಣು ಕಚ್ಚಿ, ನಾಲ್ಕು ಹನಿ ಹಿಂಡಿದಳು. ಕೆಂಪು ಕಲೆಗಳು ನೋಡನೋಡುತ್ತಲೇ ಹಳದಿಗೆ ತಿರುಗಿದವು.

"ಅರಿಶಿಣ. ಅದರ ಕೂಡ ಎಳ್ಳಿನ ತರಿ, ಎಳ್ಳಿನ ಜಿಡ್ಡು. ಭೋಗಿ ದಿನದ್ದು. ಅಂದ ಮ್ಯಾಲೆ ಇದು ಇವತ್ತ ಬಕೆಟ್ಟಿಗೆ ಬೀಳೂ ಮುಂಚೆ, ಭೋಗಿ ದಿನ ಎಳ್ಳು ಹಚ್ಚಿಕೊಂಡವರ ಕೈಯಾಗ ಇತ್ತು. ನೀರಿಗೂ ಅವತ್ತ ಬಿದ್ದೈತಿ. ಇದರ ಹೊಟ್ಟ್ಯಾಗಿನ ತಾಮ್ರ ಹಸರ ಕಿಲಬ ಹಿಡದೈತಿ. ಮೂರು ತಾಸಿನಾಗ ಅಷ್ಟು ಕಿಲಬ ಹಿಡಿಯೂದಿಲ್ಲ, ಮೂರು ದಿನಾ ಬೇಕು. ಭೋಗಿ ಆಗಿ ಇವತ್ತಿಗೆ ಮೂರು ದಿನಾತು."

"ಹಂಗಾರ ಇವಳ!" ಗೌರಕ್ಕನಿಗೆ ಮತ್ತೆ ಜೀವ ಬಂತು. "ಎಳ್ಳು ಅರದಾಕಿ ಯಾರು? ಇವಳ ಅಲ್ಲ?"

"ಎಳ್ಳು ಅರದ ಕೈ ಹೆಂಗಿರ್ತೈತಿ ಅವ್ವಾರ? ಅಂಗೈಯೆಲ್ಲ ಮೆತ್ತಿರ್ತೈತಿ. ಮುಟ್ಟಿದಲ್ಲೆಲ್ಲ ಹತ್ತಬೇಕಿತ್ತು. ಇಲ್ಲಿ ನಾಕು ಗುಂಡಿ ಬಿಟ್ಟು ಬ್ಯಾರೆ ಗುಂಡ್ಯಾಗ ಏನೂ ಇಲ್ಲ. ಎರಡು, ನಾಕು, ಆರು, ಎಂಟು. ಇನ್ನು ಬೂದಿ."

"ಬೂದಿ?"

"ಒಳಗೆಲ್ಲ ಬೂದಿ ತುಂಬೈತ್ರಿ."

"ಮತ್ತ! ಭಾಂಡೆ ತಿಕ್ಕಾಕ ಬೂದಿ ಬಳಸಾಕಿ ಯಾರು?"

"ಭಾಂಡಿ ಬೂದಿ ಒಲಿ ಬೂದಿ. ಕರಿ ಇದ್ದಲಿ ಇರ್ತೈತಿ, ಉಸುಕಿನಂಗ ಕೈಗೆ ಹತ್ತತೈತಿ. ಇದು ಬೆಳ್ಳಗ, ಹಿಟ್ಟಿನಂಗ ನುಣ್ಣಗ ಐತಿ. ನಿಮ್ಮ ಹಣಿ ಮ್ಯಾಲೆ ಇರೋದು, ಸಾಹುಕಾರ್ರ. ಕಳದುಹೋದ ನಾಕು ಗಟ್ಟಿನೂ ಇದರ ಹೊಟ್ಟ್ಯಾಗ ಅದಾವ."

ಶಿವಯೋಗೀಶ ಎದ್ದು ಕೂತ. ಅವನ ತಲೆಯಲ್ಲಿ ಏನೋ ಓಡುತ್ತಿತ್ತು; ಅಪರೂಪದ ಘಟನೆ.

"ಹಸಿ ಆದ ಬೀಜದ ಕಾಳಿಗೆ ಬೂದಿ ಬೆರಸಿ ಇಡೋರು ಯಾರು? ಕಾಳಿನ ವ್ಯಾಪಾರದವ್ರು. ಬ್ಯಾರೆಯವರಿಗೆ ಅಕ್ಕಿ ನೆನಪಾಗ್ತೈತಿ, ಹಂಚು ನೆನಪಾಗ್ತೈತಿ. ಇವರಿಗೆ ಬೂದಿ ನೆನಪಾತು. ಬೂದಿ ತರಾಕ ಅಂಗಡಿಗೆ ಹೋದ್ರ ಹಮಾಲರು ನೋಡ್ತಾರ. ಮನ್ಯಾಗ ಒಬ್ಬರ ಬಾಗಲಾ ಹಾಕ್ಕೊಂಡು ಕೂಡೂ ಜಾಗಾ ಯಾವುದು? ದೇವರ ಮನಿ."

"ಬಾಯಿ ಬಿಗಿಹಿಡಿದು ಮಾತಾಡು!" ನೀಲಕಂಠಪ್ಪ ಎದ್ದು ನಿಂತರು. "ಆ ದರಿದ್ರ ಡಬ್ಬಿನ ನಾ ಕೈಯಿಂದ ಮುಟ್ಟಿಲ್ಲ! ಅದರಾಗ ಆಟ ಆಡೂದಂತೂ ದೂರ ಉಳೀತು!"

"ಆಟದ ಸುದ್ದಿ ನಾ ಎತ್ತಿಲ್ಲಲ್ರಿ," ಎಂದಳು ಮದೀನಾಬಿ.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರು ಇದ್ದಾರೆ. ನೀಲಕಂಠಪ್ಪ ಎರಡೂ ಹೆಗಲು ಮುಟ್ಟಿಕೊಂಡಿದ್ದರು. ಆದರೂ ಮದೀನಾಬಿ ಅಲ್ಲಿಗೆ ಬಿಡಲಿಲ್ಲ. ಮೊಬೈಲು ತೆಗೆದು ಗುಂಡಿ ಒತ್ತಿದಳು. ಪರದೆ ಬೆಳಗಿತು. ಅವಳು ಅದನ್ನು ಯಾರಿಗೂ ತೋರಿಸದೆ ಅಂಗೈಯಲ್ಲಿ ಹಿಡಿದಳು.

"ತಮ್ಮಾ, ಹಾವಿನ ಆಟದಾಗ ನಿಂದು ಎಷ್ಟು?"

"ಆರುನೂರಾ ನಲವತ್ತು!" ಶಿವಯೋಗೀಶನ ಎದೆ ಉಬ್ಬಿತು. ಅವನ ಜೀವಮಾನದ ಸಾಧನೆ ಅದೊಂದೇ. "ನಂದ ಟಾಪ್."

"ಈಗಲ್ಲ. ನೀ ಗೋವಾದಾಗ ಇದ್ದಾಗ ಯಾರೋ ನಿನ್ನ ದಾಟ್ಯಾರ. ಭಾಳೇನಿಲ್ಲ ಬಿಡು, ಆರುನೂರಾ ಎಂಬತ್ತು. ಹಂಗ ಹಿಂಗ ಹೊಡದ ಆಟ. ಆಡಾಕ ಬರದವ್ರು ಯಾರೋ—"

"ಎಂಟುನೂರಾ ಆರು!"

ಮಾತು ಬಂದದ್ದು ನೀಲಕಂಠಪ್ಪನವರ ಬಾಯಿಂದ.

ಒಬ್ಬ ಹೆಂಗಸನ್ನು ಬೆಳಗಿನಿಂದ ಕಳ್ಳಿ ಎಂದಾಗ ತುಟಿ ಬಿಚ್ಚದ ಮನುಷ್ಯ, ತನ್ನ ಹಾವಿಗೆ ನೂರಿಪ್ಪತ್ತಾರು ಅಂಕ ಕಡಿಮೆ ಹೇಳಿದ್ದನ್ನು ಮಾತ್ರ ತಾಳಲಾರದೆ ಹೋಗಿದ್ದರು.

ಮದೀನಾಬಿ ಪರದೆಯನ್ನು ಶಿವಯೋಗೀಶನ ಕಡೆ ತಿರುಗಿಸಿದಳು. ೮೦೬.

"ಅಪ್ಪಾ?" ಎಂದ ಶಿವಯೋಗೀಶ. ಅವನ ದನಿಯಲ್ಲಿ ಸಿಟ್ಟಿಗಿಂತ ಹೊಟ್ಟೆಕಿಚ್ಚೇ ಹೆಚ್ಚಿತ್ತು.

"ಎರಡು ಒತ್ತಿದ್ರ ಹಾವು ಮ್ಯಾಲೆ," ಮದೀನಾಬಿ ಹೇಳಿದಳು, "ಎಂಟು ಒತ್ತಿದ್ರ ಕೆಳಗ. ನಾಕು ಎಡಕ್ಕ, ಆರು ಬಲಕ್ಕ. ಫೋನ್ ಮಾಡಿದವ್ರು ಬರೇ ನಾಕು ಗುಂಡಿ ಒತ್ತೂದಿಲ್ಲ. ಮಗ ಊರಾಗಿಲ್ಲ. ಮೈಗೆ ಎಳ್ಳು, ಕೈಯಾಗ ಮೊಬೈಲು, ಬಚ್ಚಲ ಬಾಗಲಾ ಹಾಕೈತಿ. ಒಂದು ತಾಸು ಜಪಾ! ಎಂಟುನೂರಾ ಆರು ಆತು. ಹೋ ಅಂತ ಒದರಿದ್ರಿ. ಜಿಡ್ಡಿನ ಕೈ ಜಾರ್ತು, ಡಬ್ಬಿ ಹಂಡೇಕ್ಕ ಬಿತ್ತು. ತೆಗೆದು ವಿಭೂತ್ಯಾಗ ಹೂತಿಟ್ರಿ. ಮೂರು ದಿನಾದ್ರೂ ಜೀವಾ ಬರಲಿಲ್ಲ. ಇವತ್ತು ಏಳಕ್ಕ ಮಗ ಬಂದ, ಮೊಬೈಲ್ ಎಲ್ಲಿ ಅಂದ. ಅವನ ಅಂಗಿ ಬಕೆಟ್ಟಿನಾಗ ಇದ್ವು. ಕಿಸೆದಾಗ ಮರತಾನ ಅಂತ ತಿಳೀಲಿ ಅಂದು ಅಲ್ಲಿ ಬಿಟ್ರಿ. ಖರೇನೋ ಸುಳ್ಳೋ?"

ನೀಲಕಂಠಪ್ಪ ಕುರ್ಚಿಯಲ್ಲಿ ಕುಸಿದರು. ಗಾಂಭೀರ್ಯ ಹೋಗಿ, ಹಣೆಯ ವಿಭೂತಿ ಬೆವರಿಗೆ ಕಲೆಸಿ, ಬರೀ ಅರವತ್ತೆರಡು ವರ್ಷದ ಒಬ್ಬ ಮುದುಕ ಉಳಿದಿದ್ದರು.

"ನಾ... ನಾ ಆಕೀಗೆ ತುಡುಗಿ ಅಂತ ಅಂದಿಲ್ಲ."

"ಅನ್ನಲಿಲ್ಲ. ಅನ್ನೋರನ್ನ ತಡೀಲೂ ಇಲ್ಲ. ಭಾಷಣಕ್ಕ ಮುಕ್ಕಾಲು ತಾಸು ಸಿಗ್ತೈತಿ ನಿಮಗ, ಸಾಹುಕಾರ್ರ. 'ನಾ ಮಾಡೇನಿ' ಅನ್ನಾಕ ಒಂದು ಗಳಿಗಿ ಸಿಗಲಿಲ್ಲ. ಎತ್ತಿಗೆ ಜ್ವರಾ ಬಂದ್ರ ಎಮ್ಮಿಗೆ ಬರಿ ಎಳದಂಗಾತು."

"ಮಾನದ ಪ್ರಶ್ನೆ ಇತ್ತವಾ," ಎಂದರು ನೀಲಕಂಠಪ್ಪ. "ಊರ ಮುಂದ ಹೆಂಗ ಮಾರಿ ತೋರಸ್ಲಿ?"

"ಆಕೀಗೆ ಮಾನ ಇರಲಿಲ್ಲೇನು?"

ನೀಲಕಂಠಪ್ಪ ಹಣೆಯ ಬೆವರು ಒರೆಸಿಕೊಂಡರು. ಆಮೇಲೆ ತಗ್ಗಿದ ದನಿಯಲ್ಲಿ, ಯಾರಿಗೂ ಕೇಳಬಾರದೆಂಬಂತೆ, ಮದೀನಾಬಿಯನ್ನು ಕೇಳಿದರು: "ಆ ಅಂಕಿ... ಅಳಿಸಿ ಹೋಗೂದಿಲ್ಲಲ್ಲ?"

ಮದೀನಾಬಿ ಮೂವತ್ತು ವರ್ಷ ಗಿರಾಕಿಗಳನ್ನು ನೋಡಿದ್ದಳು. ಇಂಥವರನ್ನು ನೋಡಿರಲಿಲ್ಲ. "ಬೂದಿ ಹೊಕ್ಕ ಬೋರ್ಡು ಭಾಳ ದಿನ ಬಾಳೂದಿಲ್ರಿ," ಎಂದಳು. "ಎಂಟು ದಿನ, ಹೆಚ್ಚಂದ್ರ ಹತ್ತು. ಅಷ್ಟರಾಗ ನೋಡಿಕೋರಿ."

ಹೊರಗೆ ಚಪ್ಪಲಿ ಬಿಡುವ ಸದ್ದಾಯಿತು. ಭಜನೆಯ ಹೆಂಗಸರು! ಗೌರಕ್ಕ ಗಡಬಡಿಸಿ ಎದ್ದಳು. ಕುಸುರೆಳ್ಳಿನ ತಟ್ಟೆ ಎತ್ತಿಕೊಂಡು ಹುಲಿಗೆವ್ವನ ಕಡೆ ಬಂದು, ಒಂದು ಹಿಡಿ ತೆಗೆದು, ನಗುವಿನಂಥದ್ದನ್ನು ಮುಖಕ್ಕೆ ತಂದುಕೊಂಡಳು.

"ಆಗಿದ್ದು ಆಗಿ ಹೋತು, ಹುಲಿಗೀ. ಎಳ್ಳು ಬೆಲ್ಲ ತಗೊಂಡು ಎಳ್ಳು ಬೆಲ್ಲದ್ಹಂಗ ಇರೂಣು. ಹಿತ್ತಲಕ್ಕ ನಡಿ, ಅಲ್ಲಿ ಕೊಡ್ತೇನಿ. ನಾಳೆ ಲಗೂ ಬಾ."

ಹುಲಿಗೆವ್ವ ಕೈ ಚಾಚಲಿಲ್ಲ. ಹಿತ್ತಲಿಗೂ ಹೋಗಲಿಲ್ಲ. ಪಡಸಾಲೆಯೊಳಕ್ಕೆ ನಡೆದು ಬಂದು, ದಿನವೂ ತಾನೇ ಝಾಡಿಸುತ್ತಿದ್ದ ಜಮಖಾನೆಯ ಮೇಲೆ, ಹಾರ್ಮೋನಿಯಂ ಪಕ್ಕದಲ್ಲಿ, ಕಾಲು ಮಡಿಚಿ ಕೂತಳು. ಹದಿನಾಲ್ಕು ವರ್ಷದಲ್ಲಿ ಆ ಮನೆಯಲ್ಲಿ ಅವಳು ಕೂತದ್ದು ಅದೇ ಮೊದಲು.

"ಇಲ್ಲೇ ಕೊಡ್ರಿ, ಅವ್ವಾರ. ಇವರ ಮುಂದ."

ಹೆಂಗಸರು ಒಳಗೆ ಬಂದರು. ಎಂಟು ಹತ್ತು ಜನ. ಎಲ್ಲರಿಗಿಂತ ಮುಂದಿದ್ದ ಶಿವಬಸವ್ವ ಜಮಖಾನೆಯ ಮೇಲಿದ್ದ ಹುಲಿಗೆವ್ವನನ್ನು ನೋಡಿ ಹುಬ್ಬೇರಿಸಿದಳು. ತಿರುಗಿ ಗೌರಕ್ಕನ ಮುಖ ನೋಡಿದಳು.

"ಏನೋ ಹೇಳೂದೈತಿ, ಲಗೂ ಬರ್ರಿ ಅಂತ ಹೇಳಿ ಕಳಿಸಿದ್ರಲ್ಲ, ಗೌರಕ್ಕಾ? ಹುಲಿಗೆವ್ವನ ಸುದ್ದಿ ಅಂತ?"

ಗೌರಕ್ಕ ಗಂಡನ ಕಡೆ ನೋಡಿದಳು. ಅವರು ಗೋಡೆಯ ಮೇಲಿನ ಚೌಕಟ್ಟು ಓದುತ್ತಿದ್ದರು.

"ಹೇಳ್ರಿ, ಅವ್ವಾರ," ಎಂದಳು ಹುಲಿಗೆವ್ವ. "ನಾನೂ ಕೇಳ್ತೇನಿ."

ಮದೀನಾಬಿಗೆ ಅಂಗಡಿಯಲ್ಲಿ ಇನ್ನೂ ಮೂರು ರಿಪೇರಿ ಬಾಕಿ ಇದ್ದವು. ಅವಳು ಬಾಗಿಲ ಬಳಿಯ ಕಂಬಕ್ಕೆ ಒರಗಿ ನಿಂತಳು. ಗೌರಕ್ಕ ತಟ್ಟೆ ಕೆಳಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು, ಭೋಗಿ ದಿನದ ಬಚ್ಚಲ ಜಪದಿಂದಲೇ ಹೇಳತೊಡಗಿದಳು.